ಪ್ಲೇಗಿಗೆ ಬಡಾವಣೆ, ಭೇದಿಗೆ ಬುದ್ಧಿವಾದ

ಮೊದಲ ಪ್ಲೇಗನ್ನು ಕಣ್ಣಾರೆ ಕಂಡವರು ಮೈಸೂರಿನಲ್ಲಿ ಈಗ ಯಾರೂ ಉಳಿದಿಲ್ಲ. ಆದರೂ ಊರಿನ ನಕ್ಷೆಯಲ್ಲಿ ಅದರ ಗುರುತು ಇದೆ. 1898ರಲ್ಲಿ ಸಂಸ್ಥಾನಕ್ಕೆ ಕಾಲಿಟ್ಟ ಆ ಮಾರಿ ಇಲಿ ಬಿದ್ದ ಮನೆಗಳನ್ನು ಖಾಲಿ ಮಾಡಿಸಿ ಜನರನ್ನು ಊರಾಚೆಯ ಗುಡಿಸಲುಗಳಿಗೆ ಅಟ್ಟಿತು. ಬಡವರೂ ಬಲ್ಲಿದರೂ ಒಂದೇ ಸಮನೆ ಹೆದರಿದರು. ಹೆದರಿಕೆಗೆ ಫಲವೂ ಸಿಕ್ಕಿತು. 1903ರಲ್ಲಿ ನಗರವನ್ನು ಸುಧಾರಿಸಲೆಂದೇ ಒಂದು ಟ್ರಸ್ಟ್ ಬೋರ್ಡು ಹುಟ್ಟಿಕೊಂಡಿತು. ಇಕ್ಕಟ್ಟಿನ ಕೇರಿಗಳನ್ನು ಒಡೆದು ಬೀದಿಗಳನ್ನು ಅಗಲ ಮಾಡುವುದು, ಹೊಸ ಬಡಾವಣೆ ಹಾಕುವುದು ಸರ್ಕಾರದ ಕೆಲಸವೆಂದು ಒಪ್ಪಿಕೊಂಡದ್ದಾಯಿತು. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಅವುಗಳ ಸಾಲಿನಲ್ಲೇ ಆಮೇಲೆ ಬಂದ ನಮ್ಮ ಸರಸ್ವತಿಪುರಂ ಎಲ್ಲಕ್ಕೂ ಆ ಹೆದರಿಕೆಯ ಪಾಲು ಸಂದಿದೆ. ಗೆರೆ ಎಳೆದಂಥ ಮೇನ್‌ಗಳು, ಅವಕ್ಕೆ ಅಡ್ಡಲಾಗಿ ಕ್ರಾಸ್‌ಗಳು, ಮನೆಯ ಸುತ್ತ ಗಾಳಿಯಾಡುವಷ್ಟು ಜಾಗ, ಹಿಂದುಗಡೆ ಕನ್ಸರ್ವೆನ್ಸಿ ಗಲ್ಲಿ. ನಿವೃತ್ತರು ಬೆಳಿಗ್ಗೆ ವಾಕಿಂಗ್ ಮಾಡುತ್ತ ಹೊಗಳುವ ಈ ಅಚ್ಚುಕಟ್ಟು ಇಲಿ ಕಲಿಸಿದ ಪಾಠ.

ಅದೇ ವರ್ಷಗಳಲ್ಲಿ, ಅದೇ ಊರಿನಲ್ಲಿ, ಇನ್ನೊಂದು ರೋಗವೂ ಇತ್ತು. ಅದು ಯಾವುದೋ ಒಂದು ವರ್ಷ ಬಂದು ಹೋಗುತ್ತಿರಲಿಲ್ಲ. ಬೇಸಿಗೆಯಲ್ಲೂ ಮೊದಲ ಮಳೆಯ ಹೊತ್ತಿಗೂ ಪ್ರತಿವರ್ಷ ಇರುತ್ತಿತ್ತು. ಅದಕ್ಕೆ ಬಲಿಯಾಗುತ್ತಿದ್ದವರು ಮಾತು ಬಾರದವರು, ಮತವಿಲ್ಲದವರು, ಆಸ್ತಿಯಿಲ್ಲದವರು. ಅಂದರೆ ಮೊದಲ ಹುಟ್ಟುಹಬ್ಬ ಕಾಣದ ಕೂಸುಗಳು. ಶಿಶುಗಳ ಭೇದಿಗಾಗಿ ಯಾವ ಟ್ರಸ್ಟ್ ಬೋರ್ಡೂ ಹುಟ್ಟಲಿಲ್ಲ, ಯಾವ ಬೀದಿಯೂ ಅಗಲವಾಗಲಿಲ್ಲ. ಬೆಂಗಳೂರಿನಲ್ಲಿ ಪ್ಲೇಗಿನ ಹೆಸರಿನಲ್ಲೇ ಮಾರಮ್ಮನ ಗುಡಿ ಎದ್ದಿದೆ. ಸಿಡುಬಿಗೂ ಅಮ್ಮ ಇದ್ದಳು. ಕೂಸಿನ ಭೇದಿಗೆ ದೇವತೆಯೂ ಇಲ್ಲ, ಕಾಯಿದೆಯೂ ಇಲ್ಲ. ಅದನ್ನು ಬಾಲಗ್ರಹವೆಂದೋ, ದೃಷ್ಟಿಯಾಗಿದೆಯೆಂದೋ, ಹಲ್ಲು ಬರುವಾಗ ಹೀಗಾಗುವುದು ಸಹಜವೆಂದೋ ತಳ್ಳಿಹಾಕುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ಕೊನೆಗೆ ತಾಯಿಯ ಕಡೆ ಬೆರಳು ತೋರಿಸುತ್ತಿದ್ದರು. ನನ್ನ ತಕರಾರು ಈ ಬೆರಳಿನ ಬಗ್ಗೆ.

ಎಷ್ಟು ಕೂಸುಗಳು ಸತ್ತವು ಎಂದು ಕೇಳಿದರೆ ನೇರ ಉತ್ತರ ಸಿಗುವುದಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 200ಕ್ಕೂ ಹೆಚ್ಚು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಿದ್ದವು ಎಂಬುದು ಒಪ್ಪಿತವಾದ ಅಂದಾಜು. ಅದರಲ್ಲಿ ಭೇದಿಯ ಪಾಲನ್ನು ಬಿಡಿಸುವುದೇ ಕಷ್ಟ. ಅಂದಿನ ವರದಿಗಳಲ್ಲಿ ಸಾವಿಗೆ ಕಾಲರಾ, ಸಿಡುಬು, ಪ್ಲೇಗು, ಜ್ವರ, ಆಮಶಂಕೆ ಮತ್ತು ಭೇದಿ, ಇತರೆ ಎಂಬಂಥ ಕೆಲವೇ ಕಲಂಗಳಿದ್ದವು. ಬರೆಯುವವನು ವೈದ್ಯನಲ್ಲ, ಹಳ್ಳಿಯಲ್ಲಿ ಪಟೇಲ, ಪೇಟೆಯಲ್ಲಿ ಗುಮಾಸ್ತ. ಭೇದಿಯಾಗಿ, ಬತ್ತಿ, ಮೈ ಬಿಸಿಯೇರಿ ಸತ್ತ ಮಗು ‘ಜ್ವರ’ದ ಕಲಮಿಗೆ ಹೋಗುವುದು ಸುಲಭವಾಗಿತ್ತು.

ಇನ್ನೊಂದು ತೊಡಕು ನಮ್ಮ ಮನೆಗಳ ಪದ್ಧತಿಯಿಂದಲೇ ಬಂದದ್ದು. ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ಕೂಸು ಹುಟ್ಟುವುದು ಹಳ್ಳಿಯಲ್ಲಿ, ಬಾಣಂತನ ಮುಗಿಸಿ ಬರುವುದು ಗಂಡನ ಊರಿಗೆ, ಸಾಯುವುದು ಅಲ್ಲಿ. ಜನನ ಒಂದು ಪುಸ್ತಕದಲ್ಲಿ, ಅದೂ ಬರೆದಿದ್ದರೆ, ಮರಣ ಇನ್ನೊಂದರಲ್ಲಿ. 1921ರ ಮುಂಬಯಿಯ ದಾಖಲೆಗಳಂತೆ ಹುಟ್ಟಿದ ಸಾವಿರಕ್ಕೆ 660ಕ್ಕೂ ಹೆಚ್ಚು ಶಿಶುಗಳು ಸತ್ತವು. ಒಂದೇ ಕೋಣೆಯ ಮನೆಗಳಲ್ಲಿ 800ರ ಮೇಲೆ. ನೋಡಿದರೆ ಎದೆ ಒಡೆಯುವ ಅಂಕಿ. ಗಿರಣಿ ಕೆಲಸಗಾರರ ಹೆಂಡಂದಿರು ಹೆರಿಗೆಗೆ ಊರಿಗೆ ಹೋಗಿ ಕೂಸು ಎತ್ತಿಕೊಂಡು ಮರಳುತ್ತಿದ್ದರೆಂಬುದನ್ನು ಸೇರಿಸಿದರೆ ಅದು ಸ್ವಲ್ಪ ಇಳಿಯುತ್ತದೆ, ಆದರೂ ಭಯಂಕರವಾಗಿಯೇ ಉಳಿಯುತ್ತದೆ. ನಮ್ಮ ಸ್ಮಶಾನಗಳೂ ಲೆಕ್ಕಕ್ಕೆ ನೆರವಾಗಲಿಲ್ಲ. ಹಲ್ಲು ಮೂಡದ ಕೂಸನ್ನು ಸುಡುವುದಿಲ್ಲ, ಹೂಳುತ್ತಾರೆ. ಅದಕ್ಕೆ ತಿಥಿಯಿಲ್ಲ, ಪಿಂಡವಿಲ್ಲ.

ಮನೆಯ ಲೆಕ್ಕ ಮಾತ್ರ ಬೇರೆ ಕಡೆ ಉಳಿಯಿತು. ಹಿಂದಿನವು ಕೈಗೆ ಹತ್ತದೆ ಹೋದಮೇಲೆ ಹುಟ್ಟಿದ ಮಗುವನ್ನು ತಿಪ್ಪೆಯ ಮೇಲೆ ಒಮ್ಮೆ ಮಲಗಿಸಿ ಎತ್ತಿಕೊಂಡು, ತಿಪ್ಪಯ್ಯನೆಂದೋ ತಿಪ್ಪಮ್ಮನೆಂದೋ ಹೆಸರಿಡುವ ರೂಢಿ ನಮ್ಮ ನಾಡಿನ ಉದ್ದಗಲಕ್ಕೂ ಇತ್ತು. ಬೇಡದ ವಸ್ತುವೆಂದು ತೋರಿಸಿದರೆ ಜವರಾಯ ಮುಟ್ಟುವುದಿಲ್ಲವೆಂಬ ನಂಬಿಕೆ. ಹಿಂದಿನ ಮಕ್ಕಳನ್ನು ಒಯ್ದ ನೊಣ ಸಾಕಿದ್ದು ಅದೇ ತಿಪ್ಪೆ ಎಂಬುದನ್ನು ಯೋಚಿಸಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಇಂಗ್ಲೆಂಡಿನಲ್ಲೂ ಸ್ಥಿತಿ ಇದಕ್ಕಿಂತ ಗೌರವಸ್ಥವಾಗಿರಲಿಲ್ಲ. ಅಲ್ಲಿನ ಕೈಗಾರಿಕಾ ಪಟ್ಟಣಗಳಲ್ಲಿ ಬೇಸಿಗೆ ಬಂತೆಂದರೆ ಕೂಸುಗಳ ಭೇದಿ ಸಾಲುಸಾಲಾಗಿ ಮನೆ ಹೊಗುತ್ತಿತ್ತು. 1910ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಶಿಶುಮರಣ ಸಾವಿರಕ್ಕೆ 105 ಇತ್ತು. 1911ರ ಸುಡುಬೇಸಿಗೆಯಲ್ಲಿ 130ಕ್ಕೆ ಏರಿತು. ತಂಪಾದ 1912ರಲ್ಲಿ 95ಕ್ಕೆ ಇಳಿಯಿತು. ಒಂದು ಬೇಸಿಗೆಯ ಬಿಸಿಲು ಇಷ್ಟು ವ್ಯತ್ಯಾಸ ಮಾಡಬಲ್ಲದು ಎಂದರೆ ಕೊಲ್ಲುತ್ತಿದ್ದುದು ಯಾವುದೆಂದು ಊಹಿಸಬಹುದು: ನೊಣ, ಕುದುರೆಗಳ ಲದ್ದಿ, ತೆರೆದ ಕಕ್ಕಸು, ಬಿಸಿಲಿಗೆ ಹುಳಿಯಾದ ಹಾಲು. ಆರ್ಥರ್ ನ್ಯೂಸ್‌ಹೋಮ್ ಎಂಬ ಅಲ್ಲಿನ ಹಿರಿಯ ಆರೋಗ್ಯಾಧಿಕಾರಿ ಆ ವರ್ಷಗಳಲ್ಲಿ ಜಿಲ್ಲೆ ಜಿಲ್ಲೆಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ. ಸಾವು ಸಮನಾಗಿ ಹಂಚಿರಲಿಲ್ಲ. ಚರಂಡಿಯಿಲ್ಲದ, ನೀರು ತೊಳೆದೊಯ್ಯುವ ಕಕ್ಕಸಿಲ್ಲದ ಪಟ್ಟಣಗಳಲ್ಲಿ ಅದು ಗುಂಪುಗೂಡಿತ್ತು. ಅದೇ ಹೊತ್ತಿನಲ್ಲಿ ಜಾರ್ಜ್ ನ್ಯೂಮನ್ 1906ರ ತನ್ನ ಪುಸ್ತಕದಲ್ಲಿ ಶಿಶುಮರಣವನ್ನು ಮುಖ್ಯವಾಗಿ ತಾಯ್ತನದ ಪ್ರಶ್ನೆಯೆಂದು ಕಂಡ. ಹೆಚ್ಚು ಕಿವಿಗೆ ಬಿದ್ದದ್ದು ಎರಡನೆಯ ಮಾತು. ಯಾಕೆಂದರೆ ಚರಂಡಿಗೆ ದುಡ್ಡು ಬೇಕು, ತಾಯಿಗೆ ಬುದ್ಧಿ ಹೇಳಲು ಕರಪತ್ರ ಸಾಕು.

ನಮ್ಮಲ್ಲಿಗೆ ಇಳಿದು ಬಂದದ್ದೂ ಆ ಎರಡನೆಯ ಮಾತೇ. 1920ರ ದಶಕದಲ್ಲಿ ವೈಸರಾಯ್ ಪತ್ನಿಯ ಮುಂದಾಳತ್ವದಲ್ಲಿ ದೇಶದ ಊರೂರಲ್ಲಿ ‘ಶಿಶು ಸಪ್ತಾಹ’ಗಳು ನಡೆದವು. ದುಂಡಗಿನ ಮಗುವಿಗೆ ಬಹುಮಾನ, ತಾಯಂದಿರಿಗೆ ಭಾಷಣ. ಇದರಲ್ಲಿ ಕೆಡುಕಿಲ್ಲ. ಆದರೆ ಇಂಗ್ಲೆಂಡಿನ ತಾಯಿಗೆ ಹೇಳಿದ ಬುದ್ಧಿಮಾತು ಇಲ್ಲಿ ಎಷ್ಟು ಅನ್ವಯಿಸುತ್ತದೆ ಎಂದು ಯಾರೂ ಕೇಳಿದಂತಿಲ್ಲ. ಅಲ್ಲಿ ಸಾಯುತ್ತಿದ್ದುದು ಹೆಚ್ಚಾಗಿ ಬಾಟಲಿ ಹಾಲಿನ ಕೂಸುಗಳು. ಆ ಬಾಟಲಿಗಳಿಗೆ ಉದ್ದನೆಯ ರಬ್ಬರ್ ಕೊಳವೆ ಇರುತ್ತಿತ್ತು. ಅದರ ಒಳಗೋಡೆಗೆ ಹಾಲು ಹೆಪ್ಪುಗಟ್ಟಿದರೆ ತೊಳೆಯಲು ದಾರಿಯೇ ಇರಲಿಲ್ಲ. ಫ್ರಾನ್ಸ್ 1910ರಲ್ಲಿ ಕಾನೂನು ಮಾಡಿ ಅದನ್ನು ನಿಷೇಧಿಸಬೇಕಾಯಿತು.

ನಮ್ಮ ಮನೆಗಳಲ್ಲಿ ಇದ್ದದ್ದು ಒಳಲೆ. ಅಂಗೈಯಲ್ಲಿ ಕೂರುವ ಹಿತ್ತಾಳೆಯ ಅಥವಾ ಬೆಳ್ಳಿಯ ಪುಟ್ಟ ಪಾತ್ರೆ, ಒಂದು ಬದಿಗೆ ಚಾಚಿದ ತೆರೆದ ಮೂತಿ. ನಾಲ್ಕು ಚಮಚ ಹಾಲು ಹಿಡಿದರೆ ಹೆಚ್ಚು. ಅಜ್ಜಿ ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡು ತುಟಿಯ ಅಂಚಿಗೆ ಮೂತಿ ತಾಗಿಸಿ ಹನಿಹನಿಯಾಗಿ ಬಿಡುತ್ತಾಳೆ. ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಒಳಗೂ ಹೊರಗೂ ಬೆಳಗುತ್ತದೆ. ಕೊಳೆ ಅಡಗಲು ಮೂಲೆಯೇ ಇಲ್ಲ. ಅವಧಿಗೆ ಮೊದಲೇ ಹುಟ್ಟಿದ ಕೂಸುಗಳಿಗೆ ಬಾಟಲಿ ಬೇಡ, ಇದರಲ್ಲೇ ಕುಡಿಸಿ ಎಂದು ಇಂದಿನ ಆಸ್ಪತ್ರೆಗಳೂ ಹೇಳುತ್ತವೆ. ನಮ್ಮ ತಾಯಂದಿರು ಮೊಲೆಯೂಡಿಸುತ್ತಿದ್ದರು, ಅದೂ ವರ್ಷಕ್ಕಿಂತ ಹೆಚ್ಚು ಕಾಲ. ತಪ್ಪು ಮಾಡುತ್ತಿರಲಿಲ್ಲವೆಂದಲ್ಲ. ಮೊದಲ ಹಾಲನ್ನು ಹಿಂಡಿ ಚೆಲ್ಲಿ ಜೇನೋ ಕಲ್ಲುಸಕ್ಕರೆ ನೀರೋ ನೆಕ್ಕಿಸುವುದಿತ್ತು. ಭೇದಿ ಹಿಡಿದ ಮಗುವಿಗೆ ನೀರು ಕೊಡಬಾರದೆಂಬ ನಂಬಿಕೆಯಂತೂ ಮಾರಕವಾಗಿತ್ತು, ಅದನ್ನು ಅಂದಿನ ಡಾಕ್ಟರರೂ ಹಂಚಿಕೊಂಡಿದ್ದರು. ಮೈನೀರು ಬತ್ತಿ ಮಗುವಿನ ನೆತ್ತಿ ಕುಳಿಬಿದ್ದರೆ ಆ ಕುಳಿಗೆ ಹರಳೆಣ್ಣೆ ಮೆತ್ತುತ್ತಿದ್ದರು. ಬೇಕಾದ ನೀರು ಮಾತ್ರ ಬಾಯಿಗೆ ಬೀಳುತ್ತಿರಲಿಲ್ಲ.

ಹಾಗಾದರೆ ಮೊಲೆಹಾಲು ಕುಡಿಯುವ ಕೂಸಿಗೆ ಭೇದಿ ಎಲ್ಲಿಂದ? ಆರೇಳನೆಯ ತಿಂಗಳಲ್ಲಿ ಶುರುವಾಗುವ ಸರಿಯಿಂದ. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ವಸ್ತ್ರಗಾಲಿಸಿ ಮಾಡುವ ಸರಿಹಿಟ್ಟಿನ ಬಗ್ಗೆ ಯಾವ ಪೌಷ್ಟಿಕತಜ್ಞರೂ ಕೆಟ್ಟ ಮಾತಾಡಲಾರರು. ಆದರೆ ಕೊಪ್ಪಲಿನಲ್ಲಿ ಕೂಲಿಗೆ ಹೋಗುವ ಹೆಂಗಸು ಬೆಳಿಗ್ಗೆ ಒಂದೇ ಸಲ ಸರಿ ಕಾಯಿಸಿ, ತಟ್ಟೆ ಮುಚ್ಚಿ, ದೊಡ್ಡ ಮಗಳ ಕೈಗೆ ಕೂಸನ್ನು ಕೊಟ್ಟು ಹೋಗುತ್ತಾಳೆ. ಎರಡನೆಯ ಸಲ ಬಿಸಿ ಮಾಡಲು ಸೌದೆಯಿಲ್ಲ. ತಟ್ಟೆ ತೊಳೆದ ನೀರು ಬೀದಿಯ ಕೊನೆಯ ಬಾವಿಯದು. ಬೇಸಿಗೆಯ ಸೆಕೆಯಲ್ಲಿ ಕ್ರಿಮಿಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೆ ಬೆಳಿಗ್ಗೆ ಒಂದು ಇದ್ದದ್ದು ಆರು ಗಂಟೆಯಲ್ಲಿ ನಾಲ್ಕು ಸಾವಿರ ದಾಟುತ್ತದೆ. ಆ ತಾಯಿಗೆ ‘ಶುಚಿಯಾಗಿರಮ್ಮ’ ಎನ್ನುವವರು ಅವಳಿಗೆ ಇನ್ನೊಂದು ಕಟ್ಟು ಸೌದೆಯನ್ನಾಗಲಿ, ಮನೆಬಾಗಿಲಿಗೆ ನಲ್ಲಿಯನ್ನಾಗಲಿ ಕೊಡಲಿಲ್ಲ.

ಮೈಸೂರಿನ ನೀರಿನ ಕಥೆಯಲ್ಲಿ ಒಂದು ವಿಚಿತ್ರ ತಿರುವಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ದಿವಾನ್ ಪೂರ್ಣಯ್ಯ ಕಾವೇರಿಯ ನೀರನ್ನು ಊರಿಗೆ ತರಲೆಂದು ನಾಲೆ ತೋಡಿಸಿದರು. ನೀರು ಬರಲಿಲ್ಲ, ಊರೊಳಗಿನ ಅದರ ಭಾಗ ಕೊಳಚೆಯ ಕಾಲುವೆಯಾಯಿತು. ಶತಮಾನದ ಕೊನೆಯ ಹೊತ್ತಿಗೆ ಅದನ್ನು ಮುಚ್ಚಿ ಮೇಲೆ ಹಾಕಿದ್ದೇ ಸಯ್ಯಾಜಿರಾವ್ ರಸ್ತೆ. ಇಂದು ಜಂಬೂಸವಾರಿ ಸಾಗುವುದು ಆ ದಾರಿಯಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆ ಊರಿಗೆ ಕುಡಿಯುವ ನೀರನ್ನೂ ಕೊಟ್ಟಿತ್ತು. ಸರಸ್ವತಿಪುರಂನ ಅಂಚಿನಲ್ಲೇ ಇರುವ ಆ ಕೆರೆಯ ಏರಿಯ ಮೇಲೆ ಈಗ ನಡೆದಾಡಬಹುದು, ಹಕ್ಕಿ ನೋಡಬಹುದು. ಒಂದು ಬೊಗಸೆ ನೀರು ಕುಡಿಯುತ್ತೇನೆ ಎಂದರೆ ಪಕ್ಕದವರು ಕೈ ಹಿಡಿದು ನಿಲ್ಲಿಸುತ್ತಾರೆ. ಕಾವೇರಿ ನೀರು ಕೊಳವೆಯಲ್ಲಿ ಬರತೊಡಗಿದ್ದು ವಾಣಿವಿಲಾಸ ವಾಟರ್ ವರ್ಕ್ಸ್ ಮೂಲಕ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ.

ಹೊಸ ಬಡಾವಣೆಗಳಿಗೆ ನಲ್ಲಿ ಬಂತು, ಕಕ್ಕಸು ಬಂತು. ಹೊಲಸು ಎಲ್ಲಿಗೆ ಹೋಯಿತು? ಅದಕ್ಕೇ ಇದ್ದದ್ದು ಕನ್ಸರ್ವೆನ್ಸಿ ಗಲ್ಲಿ. ಎರಡು ಮನೆಸಾಲುಗಳ ಬೆನ್ನಿಗೆ ಬೆನ್ನು ಹಚ್ಚಿದ ಹಾದಿ. ಅದರಲ್ಲಿ ಬಂದು, ಕಕ್ಕಸಿನ ಹಿಂಬಾಗಿಲು ತೆರೆದು, ಮಲವನ್ನು ಬಕೆಟ್ಟಿಗೆ ಸುರಿದುಕೊಂಡು ತಲೆಯ ಮೇಲೆ ಹೊತ್ತು ಹೋಗುವವರು ಮುಂಬಾಗಿಲಿನವರಿಗೆ ಕಾಣಿಸಬಾರದೆಂಬ ಏರ್ಪಾಡು. ನಗರ ಯೋಜನೆಯ ಪುಸ್ತಕಗಳು ಈ ಗಲ್ಲಿಯನ್ನು ಆರೋಗ್ಯದ ಸುಧಾರಣೆಯೆಂದು ಹೊಗಳುತ್ತವೆ. ಜಾತಿಯ ಸುಧಾರಣೆಯಂತೂ ಅಲ್ಲ. ಆರೋಗ್ಯದ್ದೂ ಅರ್ಧವೇ. ಹೊರುವವರ ಕೈ, ಸೀರೆ, ಗುಡಿಸಲು, ಗುಡಿಸಲೊಳಗಿನ ಕೂಸು ಈ ಯೋಜನೆಯ ಗೆರೆಯೊಳಗೆ ಬರಲೇ ಇಲ್ಲ. ತಲೆಯ ಮೇಲೆ ಮಲ ಹೊರಿಸುವುದನ್ನು ಈ ರಾಜ್ಯ ನಿಷೇಧಿಸಿದ್ದು 1970ರ ದಶಕದ ಆರಂಭದಲ್ಲಿ, ದೇವರಾಜ ಅರಸು ಸಂಪುಟದ ಬಿ. ಬಸವಲಿಂಗಪ್ಪನವರು ಹಟ ಹಿಡಿದದ್ದರಿಂದ. ಶಿಶುಮರಣದ ಚರಿತ್ರೆ ಬರೆಯುವವರು ಬಸವಲಿಂಗಪ್ಪನವರಿಗೂ ಒಂದು ಪುಟ ಕೊಡಬೇಕು ಎಂದು ನನ್ನ ಅಭಿಪ್ರಾಯ. ಯಾರೂ ಕೊಟ್ಟದ್ದು ಕಂಡಿಲ್ಲ.

ನನ್ನ ವಾದಕ್ಕೆ ಎರಡು ಗಟ್ಟಿ ಆಕ್ಷೇಪಗಳಿವೆ. ಒಂದು, ತಾಯಿಯ ಓದು. ಓದಿದ ತಾಯಿಯ ಮಕ್ಕಳು ಹೆಚ್ಚು ಬದುಕುತ್ತಾರೆ ಎಂಬುದನ್ನು ಜಾನ್ ಕಾಲ್ಡ್‌ವೆಲ್ 1979ರಲ್ಲಿ ನೈಜೀರಿಯದ ಅಂಕಿಗಳಿಂದ ತೋರಿಸಿದ. ಕೇರಳ ಅದಕ್ಕೆ ನಮ್ಮ ಪಕ್ಕದ ಸಾಕ್ಷಿ. ಒಪ್ಪಿದೆ. ಆದರೆ ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವುದು ಬೇರೆ, ಶಾಲೆಯನ್ನೇ ಕಾಣದ ಹೆಂಗಸಿಗೆ ಸಪ್ತಾಹದಲ್ಲಿ ಉಪದೇಶ ಮಾಡುವುದು ಬೇರೆ. ಮೊದಲನೆಯದು ಸರ್ಕಾರದ ಖರ್ಚು, ಎರಡನೆಯದು ಅವಳ ತಪ್ಪು. ಓದಿದ ತಾಯಿ ಹೆಚ್ಚಾಗಿ ನಲ್ಲಿಯಿರುವ ಬೀದಿಯಲ್ಲೇ ಇರುತ್ತಾಳೆ ಎಂಬುದನ್ನೂ ಮರೆಯುವಂತಿಲ್ಲ.

ಎರಡನೆಯದು ಇನ್ನೂ ಕಠಿಣ. ಅಮೆರಿಕದ ನಗರಗಳಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಳಿದ ಶಿಶುಮರಣದ ಮುಕ್ಕಾಲು ಪಾಲು ಶುದ್ಧ ನೀರಿನ ಫಲ ಎಂದು ಡೇವಿಡ್ ಕಟ್ಲರ್ ಮತ್ತು ಗ್ರಾಂಟ್ ಮಿಲ್ಲರ್ 2005ರಲ್ಲಿ ಬರೆದಾಗ ನನ್ನಂಥವರೆಲ್ಲ ಕುಣಿದಾಡಬಹುದಿತ್ತು. ಮುಂದೆ ಆ್ಯಂಡರ್‌ಸನ್, ಚಾರ್ಲ್ಸ್, ರೀಸ್ ಎಂಬ ಸಂಶೋಧಕರು ಅದೇ ದಾಖಲೆಗಳನ್ನು ಮತ್ತೆ ತೆಗೆದು ನೋಡಿದರು. ನೀರು ಸೋಸುವುದರ ಪಾಲು ಅದಕ್ಕಿಂತ ಬಹಳ ಚಿಕ್ಕದೆಂದು ಕಂಡಿತು. ಕೊಳವೆ ನೀರು ಒಂದೇ ಮಕ್ಕಳನ್ನು ಉಳಿಸಲಿಲ್ಲ. ಹಾಲು, ಮನೆಯ ಇಕ್ಕಟ್ಟು, ಹೆರಿಗೆಗಳ ನಡುವಿನ ಅಂತರ ಎಲ್ಲ ಸೇರಿವೆ. ಆದರೆ ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಇದರಲ್ಲಿ ತಾಯಿ ಒಬ್ಬಳೇ ತನ್ನ ಅಡುಗೆಮನೆಯಲ್ಲಿ ನಿಂತು ಬದಲಿಸಬಹುದಾದದ್ದು ಎಷ್ಟು? ಬಾಂಗ್ಲಾದೇಶ ಮತ್ತು ಕೀನ್ಯಾಗಳಲ್ಲಿ ಮನೆಮನೆಗೆ ಕಕ್ಕಸು, ಕ್ಲೋರಿನ್, ಕೈತೊಳೆಯುವ ಪಾತ್ರೆ ಕೊಟ್ಟು ನಡೆಸಿ 2018ರಲ್ಲಿ ವರದಿ ಮಾಡಿದ ದೊಡ್ಡ ಪ್ರಯೋಗಗಳಲ್ಲಿ ಒಂದು ದೇಶದಲ್ಲಿ ಭೇದಿ ಇಳಿಯಿತು, ಇನ್ನೊಂದರಲ್ಲಿ ಇಳಿಯಲಿಲ್ಲ. ಮಕ್ಕಳ ಎತ್ತರವನ್ನು ಹೆಚ್ಚಿಸಲು ನೈರ್ಮಲ್ಯವೊಂದೇ ಎರಡು ಕಡೆಯೂ ಸಾಲಲಿಲ್ಲ. ನನ್ನ ಮನೆ ಶುಚಿಯಾದರೆ ಸಾಲದು. ಬೀದಿ ಶುಚಿಯಾಗಬೇಕು, ಬೀದಿಯ ಹೊಲಸು ಹರಿದುಹೋಗುವ ಕೆಳಗಿನ ಊರೂ ಶುಚಿಯಾಗಬೇಕು.

ಇದೇ ಊರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇಲ್ಲಿ ನೆನಪಾಗುತ್ತದೆ. ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಶುರುವಾದ ಆ ಸಂಸ್ಥೆಯ ವಿಜ್ಞಾನಿಗಳು ಎಮ್ಮೆಯ ಹಾಲಿನಿಂದ ಶಿಶು ಆಹಾರದ ಪುಡಿ ಮಾಡುವ ವಿಧಾನವನ್ನು ಕಂಡುಹಿಡಿದರು; ಅಮುಲ್ ಅದನ್ನು ತಯಾರಿಸಿತು. ವಿದೇಶಿ ಡಬ್ಬಿಗೆ ಕೈಚಾಚದಂತೆ ಮಾಡಿದ ಆ ಸಾಧನೆ ನಿಜವಾದದ್ದೇ. ಆದರೆ ಡಬ್ಬಿಯಲ್ಲಿ ಇರುವುದು ಪುಡಿ; ನೀರು ಕೊಳ್ಳುವವಳ ನಲ್ಲಿಯದು. ಸಿಂಗಪುರದಲ್ಲಿ ವೈದ್ಯೆಯಾಗಿದ್ದ ಸಿಸಿಲಿ ವಿಲಿಯಮ್ಸ್ 1939ರಲ್ಲೇ ಡಬ್ಬಿ ಹಾಲಿನ ಪ್ರಚಾರವನ್ನು ಕೊಲೆಗೆ ಸಮ ಎಂದು ಭಾಷಣ ಮಾಡಿದ್ದರು. ಭಾರತ ಇಂಥ ಜಾಹೀರಾತಿಗೆ ಕಡಿವಾಣ ಹಾಕುವ ಕಾಯಿದೆ ಮಾಡಿದ್ದು 1992ರಲ್ಲಿ.

ಸಾವು ಇಳಿದದ್ದು ಹೇಗೆ ಎಂಬ ಪ್ರಶ್ನೆಗೆ ದೊಡ್ಡ ಉತ್ತರ ಬಂದದ್ದು 1971ರಲ್ಲಿ, ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಿಂದ. ಡ್ರಿಪ್ ಬಾಟಲಿಗಳು ಮುಗಿದುಹೋದಾಗ ಡಾ. ದಿಲೀಪ್ ಮಹಾಲನೋಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮಿನಲ್ಲಿಟ್ಟು ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟರು. ನೂರಕ್ಕೆ ಸುಮಾರು ಮೂವತ್ತು ಇದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ನೀರು ಕುಡಿಸಬಾರದು ಎನ್ನುತ್ತಿದ್ದ ವೈದ್ಯಶಾಸ್ತ್ರ ಅಲ್ಲಿಗೆ ತಲೆಕೆಳಗಾಯಿತು. ‘ತಿಳಿಯದವಳು’ ಎನಿಸಿಕೊಂಡಿದ್ದ ತಾಯಿಯ ಕೈಗೆ ಸರಿಯಾದ ವಸ್ತು ಬಂದ ಕೂಡಲೇ ಅವಳು ಡಾಕ್ಟರ ಕೆಲಸ ಮಾಡಿದಳು. ಆಮೇಲೆ ಲಸಿಕೆಗಳೂ ಬಂದವು. 2020ರ ಅಂಕಿಯಂತೆ ಕರ್ನಾಟಕದ ಶಿಶುಮರಣ ಸಾವಿರಕ್ಕೆ 19.

ಈ 19ರ ಹಿಂದೆ ಒಂದು ಸಮಾಧಾನ ಬೆಚ್ಚಗೆ ಕುಳಿತಿದೆ, ಅದು ನನಗೆ ಹಿಡಿಸುವುದಿಲ್ಲ. ಆ ಉಪ್ಪು-ಗ್ಲೂಕೋಸಿನ ಓಆರ್‌ಎಸ್ ಪೊಟ್ಟಣ ಸಾವನ್ನು ತಡೆಯುತ್ತದೆ, ಭೇದಿಯನ್ನು ತಡೆಯುವುದಿಲ್ಲ. ಸಾಯುವ ಮಕ್ಕಳು ಕಡಿಮೆಯಾದಷ್ಟೂ ಚರಂಡಿಯ ಮಾತು ಹಿಂದೆ ಸರಿಯಿತು. ವರ್ಷಕ್ಕೆ ನಾಲ್ಕೈದು ಸಲ ಹೊಟ್ಟೆ ಕೆಟ್ಟು, ಎದ್ದು, ಮತ್ತೆ ಬಿದ್ದು, ಗಿಡ್ಡಾಗಿ ಬೆಳೆಯುವ ಮಗು ಮರಣದ ಪುಸ್ತಕಕ್ಕೆ ಸೇರುವುದಿಲ್ಲ. ಜೂನ್ ಬಂದರೆ ಆಶಾ ಕಾರ್ಯಕರ್ತೆ ಪೊಟ್ಟಣವನ್ನೂ ಸತುವಿನ ಮಾತ್ರೆಯನ್ನೂ ಹಿಡಿದು ಮನೆಮನೆಗೆ ಬರುತ್ತಾರೆ. ಅವರ ಕೈಯಲ್ಲಿರುವ ಚಿತ್ರಪಟದಲ್ಲಿ ತಾಯಿಯೊಬ್ಬಳು ಸೋಪು ಹಚ್ಚಿ ಕೈ ತೊಳೆಯುತ್ತಿರುತ್ತಾಳೆ. ಒಳಚರಂಡಿಯ ಪೈಪು ಒಡೆದು ನೀರಿನ ಪೈಪಿಗೆ ಸೇರಿದ ಚಿತ್ರವನ್ನು ಯಾವ ಇಲಾಖೆಯೂ ಮುದ್ರಿಸುವುದಿಲ್ಲ.

2024ರ ಮೇ ತಿಂಗಳಲ್ಲಿ ಮೈಸೂರಿಗೆ ಅಂಟಿಕೊಂಡಂತೆಯೇ ಇರುವ ಕೆ. ಸಾಲುಂಡಿಯಲ್ಲಿ ಕಲುಷಿತ ನೀರು ಕುಡಿದು ಹತ್ತಾರು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಒಬ್ಬ ಯುವಕ ಸತ್ತ. ಸುತ್ತಲಿನ ಬಡಾವಣೆಗಳ ಕೊಳಚೆ ತಮ್ಮ ಊರಿನ ಪಕ್ಕದಲ್ಲೇ ಹರಿಯುತ್ತದೆ ಎಂಬುದು ಗ್ರಾಮಸ್ಥರ ದೂರು. ಸತ್ತವನು ಕೂಸಾಗಿದ್ದರೆ ಊರ ಹೊರಗೆ ಇಷ್ಟು ಸುದ್ದಿಯಾಗುತ್ತಿತ್ತೇ ಎಂಬ ಅನುಮಾನ ನನಗಿದೆ. ಸರಸ್ವತಿಪುರಂನ ಹೊಲಸನ್ನು ಈಗ ಯಾರೂ ತಲೆಯ ಮೇಲೆ ಹೊರುವುದಿಲ್ಲ. ನಗರದ ಕೊಳಚೆಗೆಂದು ವಿದ್ಯಾರಣ್ಯಪುರಂ, ಕೆಸರೆ, ರಾಯನಕೆರೆಗಳಲ್ಲಿ ಶುದ್ಧೀಕರಣ ಘಟಕಗಳಿವೆ. ಆದರೆ ಊರು ಆ ಘಟಕಗಳನ್ನು ಮೀರಿ ಬೆಳೆದಿದೆ. ಖಾಸಗಿ ಲೇಔಟುಗಳು ನಿವೇಶನ ಮಾರಿ ಕೈತೊಳೆದುಕೊಂಡಿವೆ; ಅವುಗಳ ಚರಂಡಿ ಕೊನೆಯಾಗುವುದು ಯಾವುದೋ ಪಂಚಾಯಿತಿಯ ಕೆರೆಯಂಗಳದಲ್ಲಿ.

ಆ ಪಂಚಾಯಿತಿಗೆ ನಮ್ಮ ಕೊಳಚೆಯನ್ನು ತೊಳೆಯುವಷ್ಟು ಆದಾಯವಿಲ್ಲ, ನಮ್ಮ ಮೇಲೆ ತೆರಿಗೆ ಹಾಕುವ ಅಧಿಕಾರವೂ ಇಲ್ಲ. ಹಾಗಾಗಿ ಕೇಳಬೇಕಾದವರು ನಾವೇ. ನಗರದ ಆಸ್ತಿ ತೆರಿಗೆಯಲ್ಲಿ ಒಂದು ಪಾಲು ನಗರದ ಗಡಿಯಾಚೆ, ಕೊಳಚೆ ಹರಿದುಹೋಗುವ ಊರುಗಳ ಒಳಚರಂಡಿಗೆ ಮೀಸಲಾಗಬೇಕು. ಭಾರತೀಯ ಮಾನಕದಂತೆ ನಲ್ಲಿಯ ತುದಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ವಾಟರ್‌ಮನ್ ಕೈಯಲ್ಲಿರುವ ಪುಟ್ಟ ಗಾಜಿನ ಕೊಳವೆಗೆ ಎರಡು ಹನಿ ರಾಸಾಯನಿಕ ಬಿಟ್ಟರೆ ಹಳದಿ ಬಣ್ಣ ಬಂದು ಅದು ತಿಳಿಯುತ್ತದೆ. ಆ ಅಂಕಿಯನ್ನು ದಿನಾಂಕದೊಂದಿಗೆ ನಮ್ಮ ವಾರ್ಡಿನಲ್ಲೂ ಸಾಲುಂಡಿಯಂಥ ಊರುಗಳಲ್ಲೂ ನೀರಿನ ಟ್ಯಾಂಕಿನ ಮೇಲೆ ಬರೆಯಬೇಕು. ತೆರಿಗೆ ಹೆಚ್ಚುತ್ತದೆ ಎಂದು ನಮ್ಮ ಬಡಾವಣೆಯವರು ಗೊಣಗುತ್ತಾರೆ, ಗೊತ್ತು. 1903ರಲ್ಲೂ ಗೊಣಗಿದವರು ಇದ್ದಿರಬೇಕು. ಆಗ ಇಲಿ ಅವರ ಮನೆಯೊಳಗೂ ಬಂದಿತ್ತು, ಅದಕ್ಕೆ ದುಡ್ಡು ಹೊರಬಂತು.